ನಾರಾಯಣಖೇಡದ ಶುಕ್ರವಾರದ ಮೇಲ್

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳ ಬಂದಿತ್ತು, ಕೊಡಗಳನ್ನು ತುಂಬಿಟ್ಟೆ. ತೊಗರಿಬೇಳೆಯಲ್ಲಿ ಕಲ್ಲು ಆರಿಸಿ ಬಿಸಿಲಿಗೆ ಹರವಿದೆ. ಕರೆಂಟ್ ಬಿಲ್ ಕಟ್ಟಿ ಬರುವಾಗ ಉಳ್ಳಾಗಡ್ಡಿ ತಂದೆ, ಹರಿದ ಚಪ್ಪಲಿ ಹೊಲಿಸಿಕೊಂಡೆ. ಮಧ್ಯಾಹ್ನ ಚಾದರ ಒಗೆದು ಹಾಕಿ, ಕಿಟಕಿಯ ಜಾಳಿಗೆಯ ಧೂಳು ಜಾಡಿಸಿದೆ. ಇಷ್ಟೆಲ್ಲ ಆದ ಮೇಲೂ ಸಂಜೆಯಾಗಲು ಬಹಳ ಹೊತ್ತಿತ್ತು. ಕೆಲಸ ಬಿಟ್ಟು ಮನೆಯಲ್ಲಿ ಕೂತವರಿಗೆ ಹೊತ್ತು ಹೀಗೆ ಉಳಿಯುತ್ತದೆ.

ಬಾಜು ಮನೆಯ ಹುಡುಗಿ ಈಗ ನಾನು ಮಾಡುತ್ತಿದ್ದಂಥ ಕೆಲಸಕ್ಕೇ ಸೇರಿದ್ದಾಳೆ. "ಆಂಟಿ, ದಿನಾ ಬರೇ ಫಿಲ್ಟರ್ ಫಿಲ್ಟರ್ ಅಂತ ಒದರ್ತಾರ್ರಿ ಗಿರಾಕಿಗಳು. ನಿಮಗೂ ಹಿಂಗೇ ಇತ್ತೇನು?" ಎಂದು ಕೇಳಿದಳು. ಹಿಂಗೇ ಇತ್ತು. ಅವಳಿಗೂ ಅವಳಂಥ ಹೊಸಬರಿಗೂ ಉಪಯೋಗವಾದರೆ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಇದರಲ್ಲಿಲ್ಲ. ಬಂದದ್ದು ಒಂದೇ ಬಡ್ತಿ, ಅದರಿಂದ ಕುರ್ಚಿ ಕೂಡ ಬದಲಾಗಲಿಲ್ಲ.

ನಮ್ಮದು ಜಾಲತಾಣಗಳಿಗೆ, ಮೇಲ್ ಪೆಟ್ಟಿಗೆಗಳಿಗೆ ಜಾಗ ಬಾಡಿಗೆಗೆ ಕೊಡುವ ಸಣ್ಣ ಕಂಪನಿ. ದೊಡ್ಡ ಆಫೀಸು ಹೈದರಾಬಾದಿನಲ್ಲಿ. ಜಹೀರಾಬಾದಿನ ಹೆದ್ದಾರಿ ಪಕ್ಕ, ಬ್ಯಾಟರಿ ಅಂಗಡಿಯ ಮಾಳಿಗೆ ಮೇಲೆ ಒಂದು ಕೋಣೆ ನನ್ನ ಪಾಲಿಗೆ. ತಾಂಡೂರಿನ ಕಲ್ಲಿನ ವ್ಯಾಪಾರಿಗಳು, ತೊಗರಿ ದಲಾಲರು, ಜಹೀರಾಬಾದಿನ ಪ್ರೆಸ್ಸಿನವರು, ನಾರಾಯಣಖೇಡದ ಬೀಜ-ಗೊಬ್ಬರದ ಅಂಗಡಿಗಳು ನಮ್ಮ ಗಿರಾಕಿಗಳು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಮಾತಾಡುತ್ತೇನೆ ಎಂದೇ ನನ್ನನ್ನು ತೆಗೆದುಕೊಂಡಿದ್ದರು. ಫೋನ್ ಎತ್ತಿದ ಕೂಡಲೇ ಆಚೆಯವರು ಯಾವ ಭಾಷೆಯಲ್ಲಿ ಬೈಯುತ್ತಾರೋ ಅದೇ ಭಾಷೆಯಲ್ಲಿ ಸಮಾಧಾನ ಹೇಳಬೇಕು, ಅಷ್ಟೇ ಕೆಲಸ ಎಂದು ಮೊದಲು ತಿಳಿದಿದ್ದೆ.

ಮೇಲ್ ಫಿಲ್ಟರ್ ಎಂದರೆ ಬಾಗಿಲಲ್ಲಿ ನಿಂತ ಕಾವಲುಗಾರ. ಬಂದ ಮೇಲ್‌ಗಳಲ್ಲಿ ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ಬೇರೆ ಫೋಲ್ಡರಿಗೆ ಹಾಕಬೇಕು, ಯಾವುದನ್ನು ಎಸೆಯಬೇಕು ಎಂದು ಮಾಲೀಕ ಹೇಳಿಟ್ಟಿರುತ್ತಾನೆ. ಕಾವಲುಗಾರ ಹೇಳಿದಷ್ಟನ್ನೇ ಮಾಡುತ್ತಾನೆ. ಮಾಲೀಕನ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನಿಗೆ ತಿಳಿಯದು. ಗಿರಾಕಿಗಳ ಜಗಳವೆಲ್ಲ ಇಲ್ಲಿಂದಲೇ ಶುರು.

ತಾಂಡೂರಿನ ಕಲ್ಲಿನ ವ್ಯಾಪಾರಿಯೊಬ್ಬರು ಒಂದು ದಿನ ಬೆಂಕಿಯಾಗಿ ಫೋನ್ ಮಾಡಿದರು.

"ಮೇಡಮ್ಮೋರೆ, ನಿಮ್ಮ ಸರ್ವರ್ ಸತ್ತದೇನ್ರಿ? ಒಂದೂ ಮೇಲ್ ಬರವಲ್ದು. ಗುಜರಾತ್ ಪಾರ್ಟಿ ಕಾಯ್ದು ಕಾಯ್ದು ಬ್ಯಾರೆ ಕಡೆ ಕಲ್ಲು ತಗೊಂಡ."

"ಫಿಲ್ಟರ್ ಏನರ ಹಾಕೀರೇನ್ರಿ?"

"ಹಾಕೀನಲ್ಲ. ಬರೇ ಗುಜರಾತಿಂದು ಮತ್ತ ರಾಜಸ್ಥಾನದ್ದು ಬರ್ಲಿ, ಉಳಿದದ್ದು ಬ್ಯಾಡಂತ."

ತೆರೆದು ನೋಡಿದೆ. 'ಕಳುಹಿಸಿದವರು ಗುಜರಾತಿನವರಲ್ಲದಿದ್ದರೆ ಅಥವಾ ರಾಜಸ್ಥಾನದವರಲ್ಲದಿದ್ದರೆ ಎಸೆ' ಎಂಬ ಅರ್ಥದಲ್ಲಿ ಹಾಕಿದ್ದರು. ಗುಜರಾತಿನವನು ಬಂದರೆ ಅವನು ರಾಜಸ್ಥಾನದವನಲ್ಲ, ಎಸೆ. ರಾಜಸ್ಥಾನದವನು ಬಂದರೆ ಗುಜರಾತಿನವನಲ್ಲ, ಎಸೆ. ನಡುವೆ 'ಅಥವಾ' ಇದ್ದಲ್ಲಿ 'ಮತ್ತು' ಇರಬೇಕಿತ್ತು. ಇದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಚಹಾ ಕೆನೆಗಟ್ಟಿತ್ತು.

"ಅಂದ್ರ ನಾನಾಗೇ ಎಲ್ಲರ ಮಾರಿ ಮ್ಯಾಲೆ ಬಾಗಿಲ ಹಾಕೀನಿ ಅಂತೀರೇನು?"

"ಹಂಗೇ ಆಗ್ಯದ್ರಿ."

"ಮನ್ಯಾಗ ಹೇಳಬ್ಯಾಡ್ರಿ ಮತ್ತ. ಮೊದ್ಲೇ ನನ್ನ ನೋಡಿ ನಗ್ತಾರ."

ಅವರ ಮನೆಯವರನ್ನು ನಾನು ಕಂಡದ್ದೂ ಇಲ್ಲ, ಕಾಣುವುದೂ ಇರಲಿಲ್ಲ. ಆದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಇನ್ನೊಂದು, ಜಹೀರಾಬಾದಿನ ಪ್ರೆಸ್ಸಿನವರದು. ಲಗ್ನಪತ್ರಿಕೆಯ ಮೇಲ್‌ಗಳನ್ನೆಲ್ಲ ಬೇರೆ ಫೋಲ್ಡರಿಗೆ ಕಳಿಸುವ ಫಿಲ್ಟರ್ ಹಾಕಿಕೊಂಡಿದ್ದರು. ಅವರ ಕಂಪ್ಯೂಟರ್ ಮಾತ್ರ ಸರ್ವರಿನ ಇನ್‌ಬಾಕ್ಸ್ ಒಂದನ್ನೇ ಇಳಿಸಿಕೊಳ್ಳುತ್ತಿತ್ತು, ಬೇರೆ ಫೋಲ್ಡರುಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಲಗ್ನದ ಹಂಗಾಮಿನಲ್ಲಿ ಬಂದ ಆರ್ಡರುಗಳೆಲ್ಲ ಸರ್ವರಿನಲ್ಲಿ ಸುಮ್ಮನೆ ಕೂತಿದ್ದವು. ಆದರೆ ಇದ್ದವು. ಹೊಸಬರು ಇದನ್ನು ನೆನಪಿಡಬೇಕು. ಫೋಲ್ಡರಿಗೆ ಹೋದದ್ದು ಎಂದಾದರೂ ಸಿಗುತ್ತದೆ, 'ಡಿಸ್ಕಾರ್ಡ್' ಎಂದು ಎಸೆದದ್ದು ಸಿಗುವುದಿಲ್ಲ. ಗಿರಾಕಿ ಎಷ್ಟೇ ಅವಸರ ಮಾಡಿದರೂ ಎಸೆಯುವ ಫಿಲ್ಟರ್ ಹಾಕಿಸಬೇಡಿ. ಪರೀಕ್ಷೆ ಮಾಡುವಾಗ ಇದ್ದ ಫಿಲ್ಟರುಗಳನ್ನು ಒಂದೊಂದಾಗಿ ನಿಲ್ಲಿಸಿ, ಪ್ರತಿ ಸಲ ಒಂದು ಮೇಲ್ ಕಳಿಸಿ ನೋಡಿ. ಮೇಲ್ ಪೆಟ್ಟಿಗೆಗೆ ಹಾಕಿದ ಫಿಲ್ಟರ್ ಬೇರೆ, ಇಡೀ ಖಾತೆಗೆ ಹಾಕಿದ ಫಿಲ್ಟರ್ ಬೇರೆ. ಒಂದರಲ್ಲಿ ತಪ್ಪು ಕಾಣದಿದ್ದರೆ ಇನ್ನೊಂದನ್ನು ತೆರೆಯಿರಿ.

ನಮ್ಮ ದೊಡ್ಡ ಸಾರ್ ಹೈದರಾಬಾದಿನಿಂದ ದಿನವೂ ಫೋನ್ ಮಾಡುತ್ತಿದ್ದರು. "ಏಮಮ್ಮಾ, ಕಾಲ್ ಬೇಗ ಮುಗಿಸು" ಎಂಬುದು ಅವರ ನಮಸ್ಕಾರ. ಕಾಲ್ ಉದ್ದವಾದರೆ ಅವರಿಗೆ ಸಿಟ್ಟು. ನನಗೋ ಉದ್ದವಾದ ಕಾಲ್ ಇಷ್ಟ. ಕೋಣೆಯಲ್ಲಿ ಮನುಷ್ಯರ ಧ್ವನಿ ಎಂದರೆ ಅದೊಂದೇ. ಮುಂದೆ ಪ್ರತಿ ದೂರಿಗೂ ಒಂದು ನಂಬರ್ ಕೊಡುವ ಟಿಕೆಟ್ ಪದ್ಧತಿ ಬಂತು, ಆಮೇಲೆ ಚಾಟ್ ಬಂತು. ಜನ ಬರೆದು ಕೇಳತೊಡಗಿದರು, ನಾವು ಬರೆದೇ ಉತ್ತರ ಕೊಟ್ಟೆವು. ಕೆಲಸ ಬೇಗ ಆಗುತ್ತಿತ್ತು ಎಂಬುದು ನಿಜ. ಕೊನೆಗೆ ಜಹೀರಾಬಾದಿನ ಕೋಣೆಯೇ ಬೇಡವೆಂದು ಮುಚ್ಚಿದರು, ನಾನು ಮನೆಗೆ ಬಂದೆ.

ತೆಲಂಗಾಣದ ಚಳವಳಿ ಜೋರಾಗಿದ್ದ ವರ್ಷಗಳು ನನ್ನ ಕೆಲಸದ ನಟ್ಟನಡುವಿನವು. ಬಂದ್ ಎಂದರೆ ಹೆದ್ದಾರಿಯ ಮೇಲೆ ಲಾರಿಗಳೇ ಇಲ್ಲ. ಕೆಳಗಿನ ಬ್ಯಾಟರಿ ಅಂಗಡಿ ಮುಚ್ಚಿರುತ್ತಿತ್ತು. ಮೆರವಣಿಗೆ ಬಂದಾಗ ಘೋಷಣೆ, ಹೋದ ಮೇಲೆ ನಾಯಿ ಬೊಗಳುವುದು ಸಹ ದೂರದಿಂದ ಕೇಳುವಷ್ಟು ನಿಶ್ಶಬ್ದ. ನನ್ನ ಮನೆ ಹಿಂದಿನ ಗಲ್ಲಿಯಲ್ಲೇ ಇದ್ದುದರಿಂದ ನಡೆದು ಬಂದು ಕೂರುತ್ತಿದ್ದೆ. ಫೋನ್ ಬರದ ದಿನ, ಸರ್ವರ್ ಸರಿಯಿದೆಯೇ ಎಂದು ನನ್ನ ಒಂದು ವಿಳಾಸದಿಂದ ಇನ್ನೊಂದಕ್ಕೆ ಮೇಲ್ ಕಳಿಸುತ್ತಿದ್ದೆ. 'ಪರೀಕ್ಷೆ' ಎಂದು ಬರೆದರೆ ಸಾಕಿತ್ತು. ಆದರೂ ಕೆಲವೊಮ್ಮೆ 'ಇಂದು ಬಿಸಿಲು ಬಹಳ' ಎಂದೂ 'ಊಟ ಆಯಿತೇ' ಎಂದೂ ಬರೆಯುತ್ತಿದ್ದೆ. ಅದು ತಲುಪಿದಾಗ ತೆರೆದು ಓದುತ್ತಿದ್ದೆ.

ಅಂಥ ದಿನಗಳಲ್ಲೇ ನಾರಾಯಣಖೇಡದ ಗುಂಡಪ್ಪ ಸಾವಕಾರರ ಫೋನ್ ಬಂತು. ಅವರದು ಬೀಜ-ಗೊಬ್ಬರದ ಅಂಗಡಿ. ನಮ್ಮ ಕಡೆ ಮೊದಲು ಒಂದು ಓಣಿಗೆ ಒಂದೇ ಫೋನ್ ಇರುತ್ತಿತ್ತಲ್ಲ, ಯಾರದೇ ಕಾಲ್ ಬಂದರೂ ಆ ಮನೆಯವರು ಕೂಗಿ ಕರೆಯುತ್ತಿದ್ದರು. ಗುಂಡಪ್ಪನವರ ಓಣಿಯಲ್ಲಿ ಮೇಲ್ ವಿಳಾಸವೂ ಹಾಗೇ ಆಗಿತ್ತು. ಅಂಗಡಿಯ ವಿಳಾಸವನ್ನೇ ಓಣಿಯವರೆಲ್ಲ ತಮ್ಮ ವಿಳಾಸ ಎಂದು ಕೊಟ್ಟಿದ್ದರು. ಮೇಲ್ ಬಂದರೆ ಸಾವಕಾರರು ಓದಿ ಹೇಳಿ, ಪೆಟ್ಟಿಗೆ ತುಂಬಬಾರದೆಂದು ಅಳಿಸಿಬಿಡುತ್ತಿದ್ದರು.

"ಅಕ್ಕೋರೆ, ನಮ್ಮ ಓಣಿ ಹೆಣ್ಣಮಗಳೊಬ್ಬಾಕಿ ದಿನಾ ಬಂದು ಕೂಡ್ತಾಳ್ರಿ. ಗಂಡ ಗಲ್ಫದಾಗ ಗಾರೆ ಕೆಲಸ ಮಾಡ್ತಾನ. ಶುಕ್ರವಾರ ಅಂದ್ರ ಮೇಲ್ ಬರ್ತಿತ್ತು, ಈಗ ಬಂದ್ ಆಗ್ಯದ. ನಿಮ್ಮ ಕಡೆ ಏನರ ತಪ್ಪಾಗ್ಯದೇನು ನೋಡ್ರಿ."

"ಫಿಲ್ಟರ್ ಹಾಕೀರಾ?"

"ಹಾಕೀನಿ. ಚಳವಳಿ ಫೋಟೊ, ಕರಪತ್ರ ಎಲ್ಲಾ ಇದರಾಗೇ ಬಂದು ಬೀಳ್ತಾವ್ರಿ. ನಾನೂ ತೆಲಂಗಾಣದಾಂವನೇ, ಬ್ಯಾಡ ಅನ್ನಾಂಗಿಲ್ಲ. ಆದ್ರ ಬೀಜದ ಕಂಪನಿ ಮೇಲ್ ಅದರಾಗ ಸಿಗವಲ್ದು. ಅದಕ ಬೇಕಾದವರ ಹೆಸರು ಬರ್ದು, ಉಳಿದದ್ದು ಬಿಸಾಕು ಅಂತ ಮಾಡೀನಿ."

"ಅವರ ಹೆಸರೂ ಬರ್ದೀರೇನು?"

"ಬರೀದೆ ಬಿಡ್ತೀನೇನ್ರಿ? ಬಾಬು ಮೇಸ್ತ್ರಿ. 'ಮೇಸ್ತ್ರಿ' ಅಂತ ಹಾಕೀನಿ. ಅಂವ ಬರ್ದಿದ್ರ ಕಾಣಬೇಕಿತ್ತಲ್ಲ?"

ಫಿಲ್ಟರ್ ತೆರೆದೆ. 'ಮತ್ತು' ಸರಿಯಾಗಿತ್ತು, ಕ್ರಮ ಸರಿಯಾಗಿತ್ತು, 'ಮೇಸ್ತ್ರಿ' ಎಂಬ ಹೆಸರೂ ಇಂಗ್ಲಿಷ್ ಅಕ್ಷರದಲ್ಲಿತ್ತು. ಆದರೆ ಗಂಡನ ವಿಳಾಸದಲ್ಲಿ ಆ ಹೆಸರಿದೆಯೇ? ಸಾವಕಾರರಿಗೆ ತಿಳಿಯದು. ಮೇಲ್ ತೆರೆದರೆ ಒಳಗೆ 'ಬಾಬು ಮೇಸ್ತ್ರಿ ಮಾಡುವ ನಮಸ್ಕಾರ' ಎಂದಿರುತ್ತಿತ್ತು, ಅದನ್ನೇ ಓದುತ್ತಿದ್ದರು. ವಿಳಾಸ ನೋಡಿದವರಲ್ಲ. ಹಳೆಯ ಮೇಲ್ ಒಂದೂ ಉಳಿದಿರಲಿಲ್ಲ.

ಆ ಹೆಂಗಸಿಗೇ ಫೋನ್ ಕೊಡಿ ಎಂದೆ.

"ತಂಗಿ, ಮೇಲ್ ಯಾವ ಹೆಸರಿಲೆ ಬರ್ತಿತ್ತು?"

ಅಂಗಡಿಯಲ್ಲಿ ತಕ್ಕಡಿ ಸದ್ದು ಕೇಳಿಸಿತು.

"ಅವರ ಹೆಸರ್ರಿ" ಎಂದಳು.

"ಅದೇ, ಏನಂತ?"

"ಹ್ಯಾಂಗ ಹೇಳ್ಲಿರಿ ಅಕ್ಕಾ, ಮಂದಿ ಕೂತಾರ."

ಫೋನ್ ಇಟ್ಟಳು. ಗಂಡನ ಹೆಸರು ಬಾಯಿಂದ ತೆಗೆಯಬಾರದೆಂಬ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಲಗ್ನವಾಗಲಿಲ್ಲ. ಹೇಳಬಾರದ ಹೆಸರು ಎಂಬುದು ನನಗೆ ಒಂದೂ ಇರಲಿಲ್ಲ.

ಕಳುಹಿಸಿದವರ ಹೆಸರಿಲ್ಲದೆ ಹುಡುಕಬಹುದಿತ್ತು, ಹುಡುಕಿದೆ. ಆ ಪೆಟ್ಟಿಗೆಗೆ ಬಂದು ಎಸೆಯಲ್ಪಟ್ಟ ಮೇಲ್‌ಗಳ ಸಾಲು ಪುಟದ ಮೇಲೆ ಪುಟ. ಎಲ್ಲವೂ ಗುರುತಿಲ್ಲದ ವಿಳಾಸಗಳು. ಗಲ್ಫಿಗೆ ಹೋದ ಬೇರೆಯವರದೂ ಅದರಲ್ಲಿ ಇರಬಹುದಿತ್ತು. ಯಾರ ಗಂಡ ಯಾರೆಂದು ಹೇಗೆ ಹೇಳಲಿ? ಅದೂ ಅಲ್ಲದೆ ಸರ್ವರ್ ಕೆಲವೇ ದಿನಗಳ ಗುರುತು ಉಳಿಸಿಕೊಳ್ಳುತ್ತದೆ, ಹಳೆಯದು ತಾನಾಗಿ ಅಳಿದುಹೋಗುತ್ತದೆ.

ಬಂದ್‌ಗಳ ನಡುವೆ ಒಂದು ದಿನ ಬಿಡುವು ಸಿಕ್ಕಿತ್ತು. ಅಂದು ಬೆಳಿಗ್ಗೆ ಒಬ್ಬ ಗಂಡಸು, ಹಿಂದೆ ತಲೆ ಮೇಲೆ ಸೆರಗು ಹೊದ್ದ ಹೆಂಗಸು, ಮೆಟ್ಟಿಲು ಹತ್ತಿ ಬಂದರು. ಫೋನಿನಲ್ಲಿ ಗಂಡನ ಹೆಸರು ಹೇಳದೆ ಇಟ್ಟವಳು ಅವಳೇ, ನಾರಾಯಣಖೇಡದ ಮಹಾದೇವಿ. ಅವನು ಅವಳ ಅಣ್ಣ ಶಿವರಾಜ, ಸಿರ್ಗಾಪುರದಲ್ಲಿ ಹೊಲ ಮಾಡಿಕೊಂಡಿದ್ದವನು.

"ಮೇಡಮ್, ಮುಚ್ಚಿಡಾದು ಏನಿಲ್ರಿ" ಎಂದು ಶಿವರಾಜ ನಿಂತೇ ಶುರು ಮಾಡಿದ. "ಅಂವಂದು ಮೇಲ್ ಇಲ್ಲ, ಫೋನ್ ಇಲ್ಲ. ಅತ್ತಿ ಮಾವ ಇಲ್ಲ, ಮಕ್ಕಳಿಲ್ಲ. ಒಬ್ಬಾಕೇ ಹೆಣ್ಣಮಗಳು ಆ ಮನ್ಯಾಗ ಎಷ್ಟು ದಿನ ಅಂತ ಕೂಡ್ತಾಳ? ಟ್ರಂಕು ಕಟ್ಟಿ ಇಟ್ಟೀವಿ. ಸೋಮವಾರ ಪಂಚರು ಕೂಡ್ತಾರ, ಲಗ್ನದ ಬಿಡುಗಡೆ ಮಾಡ್ಸಿ ಕರ್ಕೊಂಡು ಹೋಗ್ತೀನಿ. ಧಾರೂರು ಕಡೆ ಇನ್ನೊಂದು ಲಗ್ನಕ್ಕ ಮನಿ ನೋಡೀವಿ, ಛೊಲೊ ಮಂದಿ. ಈಕಿ ಒಬ್ಬಾಕಿ ಹಟ ಹಿಡದಾಳ, ಮೇಲ್ ಬರೋ ಜಾಗಾದಾಗೇ ಕೇಳಬೇಕಂತ. ಕೇಳ್ಸಿಬಿಡ್ತೀನಿ ಅಂತ ಕರ್ಕೊಂಡು ಬಂದೆ."

"ಫೋನ್ ಯಾಕ ಬರವಲ್ದು?" ಎಂದು ಅವಳನ್ನೇ ಕೇಳಿದೆ.

"ಅವರ ಕ್ಯಾಂಪ್ ಉಸುಕಿನಾಗ ಅದ ಅಂತ್ರಿ, ಅಲ್ಲಿ ಫೋನ್ ಹತ್ತಾಂಗಿಲ್ಲ. ಶುಕ್ರವಾರ ಪ್ಯಾಟಿಗೆ ಬರ್ತಾರ. ನನ್ನ ಫೋನ್ ನೀರಿನ ಹೌದದಾಗ ಬಿತ್ರಿ. ಹೊಸ ನಂಬರ್ ಅವರಿಗಿ ಗೊತ್ತಿಲ್ಲ."

"ನೋಡ್ರಿ, ಇನ್ನೂ ಅವರು ಇವರು ಅಂತಾಳ" ಎಂದ ಶಿವರಾಜ. "ಬಾಬುರಾವ್ ಅಂತ ಹಾಕಿ ನೋಡ್ರಿ."

ಹಾಕಿದೆ. ಏನೂ ಬರಲಿಲ್ಲ. 'ಬಾಬು' ಎಂದಷ್ಟೇ ಹಾಕಿದೆ. ಇಲ್ಲ. ಊರ ಹೆಸರು ಹಾಕಿದೆ. ಇಲ್ಲ.

"ಆತಲ್ಲ?" ಎಂದು ಶಿವರಾಜ ತಂಗಿಯ ಕಡೆ ತಿರುಗಿದ. ಅವನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಅದನ್ನೂ ಹೇಳಬೇಕು. "ಏಳವ್ವ ಇನ್ನ."

ಅವಳು ಏಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಕಾಗದದಾಗಿನ ಹೆಸರು ಬ್ಯಾರೆ ಅದ" ಎಂದಳು.

"ಯಾವ ಕಾಗದ?" ಎಂದೆ.

"ಸಾಲಿ ಸರ್ಟಿಫಿಕೇಟ್, ಪಾಸ್ಪೋರ್ಟ್. ಅದರಾಗ ಅವರ ಮುತ್ತ್ಯಾನ ಹೆಸರು ಇಟ್ಟಾರ. ಮನ್ಯಾಗ ಹಿರೇರ ಹೆಸರು ಒದರಬಾರ್ದಂತ ಬಾಬು ಅಂತ ಕರದ್ರು. ಓಣ್ಯಾಗ ಯಾರಿಗೂ ಗೊತ್ತಿಲ್ಲ."

"ನಂಗೂ ಹೇಳಿಲ್ಲಲ್ಲ ನೀ?"

"ನೀ ಕೇಳಿಲ್ಲಲ್ಲ."

ನಾನು ಕಾಗದ ಪೆನ್ನು ಮುಂದಿಟ್ಟೆ. ತೆಲುಗು ಶಾಲೆ ಕಲಿತವಳು, ಬರೆಯಬಲ್ಲಳು. ಪೆನ್ನು ಹಿಡಿದು ಮತ್ತೆ ಇಟ್ಟಳು. "ಬರದ್ರೂ ಹೇಳಿದಂಗೇರಿ ಅಕ್ಕಾ. ಗಂಡಂದೂ ಆತು, ಹಿರೇರದೂ ಆತು. ಇಷ್ಟು ವರ್ಷ ತಪ್ಪಿಲ್ಲ."

ಅವಸರ ಮಾಡಲು ನನಗೆ ಮನಸ್ಸಾಗಲಿಲ್ಲ. ಹೈದರಾಬಾದಿನ ಫೋನ್ ಬಂತು, ಎತ್ತಲಿಲ್ಲ. ಚಹಾ ಕಾಸಿ ಇಬ್ಬರಿಗೂ ಕೊಟ್ಟೆ. ಅವಳು ಚಹಾ ಮುಟ್ಟಲಿಲ್ಲ.

"ಅಣ್ಣಾ, ನೀ ಜರಾ ಹೊರಗ ನಿಂದ್ರು" ಎಂದಳು.

ಅವನು ಲೋಟ ಹಿಡಿದುಕೊಂಡು ಮೆಟ್ಟಿಲ ಬಳಿ ಹೋದ. ಅವಳು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ನನ್ನ ಮುಖ ನೋಡದೆ, ಗೋಡೆಯ ಕಡೆ ತಿರುಗಿ ಹೇಳಿದಳು.

"ರೇವಣಸಿದ್ದಪ್ಪ."

ಮೆಲ್ಲಗೆ ಹೇಳಲಿಲ್ಲ. ಯಾರನ್ನೋ ಕರೆದ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಬಂತು. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ನಾನು ಅಕ್ಷರಗಳನ್ನು ಒತ್ತಿದೆ. ಪರದೆಯ ಮೇಲಿನ ಚಕ್ರ ತಿರುಗುತ್ತಾ ತಿರುಗುತ್ತಾ ನಿಂತಿತು. ಎರಡು ಸಾಲು ಬಂದವು. ಒಂದೇ ವಿಳಾಸದಿಂದ ಬಂದವು, ಆ ಹೆಸರಿನದೇ. ಒಂದು ಹೋದ ಶುಕ್ರವಾರದ್ದು, ಇನ್ನೊಂದು ಅದರ ಹಿಂದಿನ ಶುಕ್ರವಾರದ್ದು. ಎರಡರ ಮುಂದೆಯೂ ಫಿಲ್ಟರ್ ಎಸೆದಿದೆ ಎಂದಿತ್ತು.

"ಬಂದಾವ" ಎಂದೆ. "ನಿಮ್ಮ ಸಾವಕಾರರು 'ಮೇಸ್ತ್ರಿ' ಅಂತ ಕಾಯ್ಲಾಕತ್ತಾರ. ನಿಮ್ಮವರು ಕಾಗದದ ಹೆಸರಿಲೆ ಬರ್ದಾರ."

ಅವಳು ಎದ್ದು ಬಂದು ಪರದೆಯ ಮುಂದೆ ನಿಂತಳು. ಇಂಗ್ಲಿಷ್ ಓದಲು ಬಾರದು. ಬೆರಳು ತೋರಿಸಿ, "ಇದೇನ್ರಿ?" ಎಂದಳು. ಹೌದೆಂದೆ. "ಇದೂ?" ಅದೂ ಹೌದೆಂದೆ.

ಶಿವರಾಜ ಒಳಗೆ ಬಂದಿದ್ದ. "ಓದ್ರಿ ಮೇಡಮ್, ಏನ್ ಬರ್ದಾನ?"

ಅದನ್ನು ಹೇಳುವುದು ನನಗೆ ಕಷ್ಟವಾಯಿತು. ಎಸೆದ ಮೇಲ್ ಇರುವುದಿಲ್ಲ, ಬಂದಿತ್ತು ಎಂಬ ಗುರುತು ಮಾತ್ರ ಇರುತ್ತದೆ. ಅದಕ್ಕೂ ಹಿಂದಿನ ಶುಕ್ರವಾರಗಳದು ಆ ಗುರುತೂ ಇಲ್ಲ. ಇದನ್ನು ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ.

"ಅಂದ್ರ ಏನ್ ಬರ್ದಾನ ಅಂತ ಯಾರಿಗೂ ಗೊತ್ತಿಲ್ಲ" ಎಂದ ಶಿವರಾಜ. "ನಿನ್ನ ಬಿಟ್ಟೀನಿ ಅಂತೇ ಬರ್ದಿದ್ರ?"

ಮಹಾದೇವಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಬಿಡೋ ಮಾತಾದ್ರ ಒಂದ್ಸಲ ಬರ್ದು ಸುಮ್ಮಾಗ್ತಿದ್ರು. ಮರು ಶುಕ್ರವಾರ ಮತ್ಯಾಕ ಬರೀತಿದ್ರಣ್ಣಾ?"

ಅವನು ಆರಿಹೋಗಿದ್ದ ಚಹಾ ಕುಡಿದ.

ಗುಂಡಪ್ಪನವರಿಗೆ ಫೋನ್ ಮಾಡಿ, ಅವರ ಒಪ್ಪಿಗೆಯಿಂದ ಫಿಲ್ಟರಿಗೆ ಆ ಹೆಸರು ಸೇರಿಸಿದೆ. 'ಎಸೆ' ಎಂದಿದ್ದಲ್ಲಿ ಬೇರೆ ಫೋಲ್ಡರ್ ಮಾಡಿ ಅಲ್ಲಿಗೆ ಕಳಿಸಿದೆ. "ಅರೆರೆ, ಇಷ್ಟು ವರ್ಷ ಬಾಜು ಮನ್ಯಾಗ ಇದ್ದಾನ, ಅಂವ ರೇವಣಸಿದ್ದಪ್ಪ ಅಂತ ಯಾರಿಗ್ಗೊತ್ತು!" ಎಂದು ಅವರು ಅಲ್ಲಿಂದ ಕೂಗಿದ್ದು ಕೋಣೆಗೆಲ್ಲ ಕೇಳಿಸಿತು. ಮಹಾದೇವಿ ಸೆರಗಿನೊಳಗೆ ನಕ್ಕಳು. ಅಂಗಡಿಯ ಪೆಟ್ಟಿಗೆಯಿಂದಲೇ ಗಂಡನಿಗೊಂದು ಮೇಲ್ ಹಾಕಲೂ ಸಾವಕಾರರು ಒಪ್ಪಿದರು.

"ಏನ್ ಬರೀಲಿ ಹೇಳು" ಎಂದು ಅವಳನ್ನು ಕೇಳಿದೆ.

"ಬರ್ದದ್ದು ಒಂದೂ ಮುಟ್ಟಿಲ್ಲ ಅಂತ ಬರೀರಿ. ಫೋನ್ ನೀರಾಗ ಬಿದ್ದದ, ಇದು ಹೊಸ ನಂಬರ್ ಅಂತ. ಶುಕ್ರವಾರ ಮತ್ತ ಬರೀಬೇಕಂತ."

"ಇಷ್ಟೇನಾ?"

ಅವಳು ಅಣ್ಣನ ಕಡೆ ನೋಡಿದಳು. ಅವನು ಕಿಟಕಿಯಿಂದ ಹೆದ್ದಾರಿ ನೋಡುತ್ತಿದ್ದ.

"ನಾ ನಾರಾಯಣಖೇಡದಾಗೇ ಅದೀನಿ ಅಂತ ಬರೀರಿ. ನಿಮ್ಮ ಮನ್ಯಾಗೇ ಅದೀನಿ ಅಂತ."

ಬರೆದು ಕಳಿಸಿದೆ. ಶಿವರಾಜ ಕಿಟಕಿಯಿಂದ ಈಚೆ ತಿರುಗಿ, "ಪಂಚರಿಗಿ ನಾ ಹೇಳ್ತೀನಿ ಬಿಡು, ಸೋಮವಾರ ಬ್ಯಾಡಂತ" ಎಂದ. "ಆ ಟ್ರಂಕಿನ ಹಗ್ಗ ನೀನೇ ಬಿಚ್ಚು. ಕಟ್ಟಾಗೇ ನನ್ನ ಕೈ ಸುಲದಾವ."

ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದ್ ಎಂದು ಸುದ್ದಿ ಬಂತು. ನಾರಾಯಣಖೇಡದ ಜೀಪುಗಳು ನಿಂತುಹೋದವು. ಶಿವರಾಜ ಪರಿಚಯದವರ ಅಡತಿ ಅಂಗಡಿಯಲ್ಲಿ ಮಲಗುತ್ತೇನೆಂದು ಹೋದ. ಮಹಾದೇವಿಯನ್ನು ನಾನು ಮನೆಗೆ ಕರೆದುಕೊಂಡು ಬಂದೆ. ಬೀಗ ತೆಗೆಯುವಾಗ, "ಮನ್ಯಾಗ ಯಾರ್ಯಾರ ಅದೀರಿ ಅಕ್ಕಾ?" ಎಂದು ಕೇಳಿದಳು. ಒಬ್ಬಳೇ ಎಂದೆ. ಅವಳು ಮತ್ತೇನೂ ಕೇಳದೆ ಕಾಲು ತೊಳೆದುಕೊಂಡು, ಹಿಟ್ಟಿನ ಡಬ್ಬಿ ಎಲ್ಲಿದೆ ಎಂದಳು.

ಕಾಯಿಪಲ್ಯದ ಅಂಗಡಿಗಳು ಮುಚ್ಚಿದ್ದವು. ಅವಳು ಜೋಳದ ರೊಟ್ಟಿ ಬಡಿದಳು, ನಾನು ಬೇಯಿಸಿದೆ. ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ಶುಕ್ರವಾರ ಇನ್ನೂ ದೂರವಿತ್ತು, ಅದರ ಮಾತು ಇಬ್ಬರೂ ಎತ್ತಲಿಲ್ಲ. ನನಗೆ ಬಡಿಸುತ್ತಾ, "ಇನ್ನೊಂದು ಹಾಕ್ಕೋರಿ, ಒಬ್ಬರೇ ಇದ್ರ ಬರಾಬರ್ ಉಣ್ಣಾಂಗಿಲ್ಲ, ನಂಗ ಗೊತ್ತದ" ಎಂದಳು. ಹಾಕಿಸಿಕೊಂಡೆ. ಅವಳು ಗೋಡೆ ಕಡೆ, ನಾನು ಬಾಗಿಲ ಕಡೆ ಹಾಸಿಕೊಂಡೆವು. ಏನೋ ಹೇಳುತ್ತಾ ಹೇಳುತ್ತಾ ಅವಳು ಮೊದಲು ನಿದ್ದೆ ಹೋದಳು. ನಾನು ದೀಪ ಆರಿಸಿ, ಕೋಣೆಯಲ್ಲಿ ಇನ್ನೊಬ್ಬರು ಉಸಿರಾಡುವುದನ್ನು ಕೇಳುತ್ತಾ ಮಲಗಿದೆ.